ಮೂರನೆಯ ವರ್ಷಕ್ಕೆ ಯಾರು ಬರುತ್ತಾರೆ?



ಭೀಮಾ ದಂಡೆಯ ದೇವಣಗಾಂವದಿಂದ ಹಿಡಿದು ಆಲಮೇಲ, ಸಿಂದಗಿ, ಇಂಡಿ, ಅತ್ತ ಮುದ್ದೇಬಿಹಾಳ, ಬಸವನ ಬಾಗೇವಾಡಿಯವರೆಗೆ ಈಗ ಸೋಲಾರಿನ ಮಾತು ಜೋರಾಗಿದೆ. ಮನೆ ಮನೆಗೆ ಬರುವ ಏಜೆಂಟ ಹುಡುಗರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. “ಕಾಕಾ, ಇನ್ನ ಮ್ಯಾಲ ನಿಮ್ಮ ಕರೆಂಟ್ ಬಿಲ್ ಝೀರೋ ರೀ. ಎಪ್ಪತ್ತೆಂಟು ಸಾವಿರ ಸರಕಾರನ ಕೊಡತೈತ್ರಿ. ಆಧಾರ್ ಕಾರ್ಡು, ಪಾಸ್‌ಬುಕ್ಕು ಕೊಡ್ರಿ, ಉಳದದ್ದು ನಾ ನೋಡ್ಕೋತೀನಿ.”

ಎಪ್ಪತ್ತೆಂಟು ಸಾವಿರದ ಮಾತು ಸುಳ್ಳಲ್ಲ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ತಂದಿತು. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿಯ ಯೋಜನೆ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಹೀಗೆ ಒಟ್ಟು 78,000 ಸಹಾಯಧನ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಇಷ್ಟೇ. ಆದರೆ ಈ ರೊಕ್ಕ ಮೊದಲು ಬರುವುದಿಲ್ಲ. ಪ್ಯಾನಲ್ ಕೂತು, ವಿದ್ಯುತ್ ಕಂಪನಿ ಹೆಸ್ಕಾಂನವರು ನೆಟ್ ಮೀಟರ್ ಜೋಡಿಸಿ, ತಪಾಸಣೆ ಮುಗಿದ ಮೇಲೆ ಬರುತ್ತದೆ. ಅದೂ ಮನೆಯವರ ಬ್ಯಾಂಕ್ ಖಾತೆಗೇ ಬರುತ್ತದೆ, ಸೋಲಾರಿನವನ ಖಾತೆಗಲ್ಲ. ಅಲ್ಲಿಯವರೆಗಿನ ಪೂರ್ತಿ ಖರ್ಚು, ಮೂರು ಕಿಲೋವ್ಯಾಟಿಗೆ ಎರಡು ಲಕ್ಷದ ಆಸುಪಾಸು, ನಿಮ್ಮ ಕಿಸೆಯಿಂದ ಹೋಗಬೇಕು, ಇಲ್ಲವೇ ನಿಮ್ಮ ಹೆಸರಿನ ಸಾಲದಿಂದ. ಯೋಜನೆಯ ಪೂರ್ತಿ ಹೆಸರಿನಲ್ಲಿ ‘ಮುಫ್ತ್ ಬಿಜಲಿ’ ಎಂದಿದೆ. ಅದನ್ನು ಕೇಳಿ ಪ್ಯಾನಲ್ಲೇ ಪುಕ್ಕಟೆ ಎಂದುಕೊಂಡವರು ನಮ್ಮಲ್ಲಿ ಬಹಳ ಮಂದಿ, ಅಂಥವರನ್ನೇ ಹುಡುಕಿಕೊಂಡು ಬರುವವರೂ ಇದ್ದಾರೆ.

ಸೋಲಾರ್ ಕೊಳ್ಳುವಾಗ ನಾವು ಮೊದಲು ಕೇಳುವುದು ಪ್ಯಾನಲ್ ಯಾವ ಕಂಪನಿಯದು ಎಂದು. ಪ್ಯಾನಲ್ ಗಟ್ಟಿ ವಸ್ತು. ಅದರ ಉತ್ಪಾದನೆಗೆ ಸಾಮಾನ್ಯವಾಗಿ 25 ವರ್ಷದ ಖಾತ್ರಿ ಇರುತ್ತದೆ. ಮೊದಲು ಕೆಡುವುದು ಇನ್ವರ್ಟರ್. ಗಾಳಿಗೆ ಬೋಲ್ಟು ಸಡಿಲಾಗುತ್ತವೆ, ಸರಿಯಾಗಿ ಕೂಡಿಸದ ಕನೆಕ್ಟರು ಬಿಸಿಯಾಗಿ ಸುಡುತ್ತದೆ. ಹೀಗಾದಾಗ, ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ, ನಿಮ್ಮ ಫೋನು ಎತ್ತಿ ನಿಮ್ಮ ಮಾಳಗಿ ಏರುವವರು ಯಾರು? ಆ ಮನುಷ್ಯನನ್ನು ರೊಕ್ಕ ಕೊಡುವ ಮೊದಲೇ ಗುರುತಿಸಿಕೊಳ್ಳುವ ಬಗೆಯನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ಬಂದವನು ನಿಮಗೇನು ಹೇಳುತ್ತಾನೆ ಎನ್ನುವುದಕ್ಕಿಂತ ನಿಮ್ಮನ್ನು ಏನು ಕೇಳುತ್ತಾನೆ ಎಂಬುದನ್ನು ಗಮನಿಸಿ. ಕಸುಬು ಬಲ್ಲವನು ಮೊದಲು ಕೇಳುವುದು ಕಳೆದ ಒಂದು ವರ್ಷದ ಕರೆಂಟ್ ಬಿಲ್ಲುಗಳನ್ನು. ಅದಕ್ಕೆ ಕಾರಣವಿದೆ. ನಮ್ಮ ರಾಜ್ಯದಲ್ಲಿ 2023ರ ಜುಲೈಯಿಂದ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಇದೆ. ತಿಂಗಳಿಗೆ ಎಂಬತ್ತೋ ನೂರೋ ಯುನಿಟ್ ಸುಡುವ ಮನೆಗೆ, ಬಳಕೆ ಯೋಜನೆ ಕೊಟ್ಟ ಮಿತಿಯೊಳಗಿದ್ದರೆ, ಬಿಲ್ಲು ಈಗಲೇ ಸೊನ್ನೆ. ಸೊನ್ನೆಯನ್ನು ಇನ್ನೆಷ್ಟು ಇಳಿಸಲು ಬರುತ್ತದೆ? ಅಂಥ ಮನೆಯವರ ತಲೆಗೆ ಎರಡು ಲಕ್ಷದ ಸಾಲ ಕಟ್ಟುವವನು ನಿಮ್ಮ ಹಿತ ನೋಡುವವನಲ್ಲ. ಬಳಕೆ 200 ಯುನಿಟ್ ದಾಟಿ ಪೂರ್ತಿ ಬಿಲ್ಲು ಕಟ್ಟುವ ಮನೆಗಳ ಲೆಕ್ಕ ಬೇರೆ. ಅಲ್ಲಿ ಯುನಿಟ್ಟಿಗೆ ಸುಮಾರು ಆರು ರೂಪಾಯಿ ಉಳಿಯುತ್ತದೆ, ಸೋಲಾರ್ ತನ್ನ ಬೆಲೆಯನ್ನು ಕೆಲವು ವರ್ಷಗಳಲ್ಲಿ ತಾನೇ ತೀರಿಸುತ್ತದೆ. ಸೋಲಾರ್ ಹಾಕಿಸಿದ ಮೇಲೆ ನಿಮ್ಮ ಗೃಹಜ್ಯೋತಿಯ ಲೆಕ್ಕ ಹೇಗಾಗುತ್ತದೆ ಎಂಬುದನ್ನು ಏಜೆಂಟನ ಬಾಯಿಂದ ಕೇಳಬೇಡಿ. ಬಿಲ್ಲು ಹಿಡಿದುಕೊಂಡು ಹೆಸ್ಕಾಂ ಶಾಖಾ ಕಚೇರಿಗೇ ಹೋಗಿ ಕೇಳಿ.

ಇನ್ನೊಂದು ವಿಷಯವನ್ನು ಬಹಳ ಮಂದಿಗೆ ಯಾರೂ ತಿಳಿಸಿಯೇ ಇಲ್ಲ. ಬ್ಯಾಟರಿ ಇಲ್ಲದೆ ನೇರ ಲೈನಿಗೆ ಜೋಡಿಸಿದ ಸೋಲಾರ್, ಅಂದರೆ ಆನ್‌ಗ್ರಿಡ್, ಊರ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ನೆತ್ತಿಯ ಮೇಲೆ ಬಿಸಿಲು ಸುಡುತ್ತಿದ್ದರೂ ಫ್ಯಾನ್ ತಿರುಗುವುದಿಲ್ಲ. ಇದು ದೋಷವಲ್ಲ, ಬೇಕೆಂದೇ ಹೀಗೆ ಮಾಡಿದ್ದಾರೆ. ಲೈನ್ ಬಂದ್ ಆಗಿದೆ ಎಂದು ನಂಬಿ ಕಂಬ ಏರಿದ ಲೈನ್‌ಮನ್‌ಗೆ ನಿಮ್ಮ ಮಾಳಗಿಯಿಂದ ಹೊರಟ ಕರೆಂಟ್ ಹೊಡೆಯಬಾರದಲ್ಲ! ನಿಮ್ಮ ತ್ರಾಸು ಬಿಲ್ಲಿನದಲ್ಲ, ರಾತ್ರಿ ಕರೆಂಟ್ ಹೋಗುವುದರದು ಎಂದಾದರೆ ನಿಮಗೆ ಬೇಕಾದದ್ದು ಬ್ಯಾಟರಿ ಇರುವ ಬೇರೆ ಸಾಮಾನು. ಅದರ ಬೆಲೆ ಬೇರೆ, ಬ್ಯಾಟರಿಯ ಆಯುಷ್ಯ ಬೇರೆ. “ಕರೆಂಟ್ ಹೋದಾಗ ಇದು ನಡೀತೈತೇನಪಾ ತಮ್ಮಾ?” ಎಂದು ಕೇಳಿ ನೋಡಿ. ಆನ್‌ಗ್ರಿಡ್ ಮಾರಲು ಬಂದವನು ‘ಹೂಂ ರೀ’ ಎಂದರೆ ಅಲ್ಲಿಗೆ ಮಾತು ಮುಗಿಸಿಬಿಡಿ.

ಮಾರಿದವರು ತಿರುಗಿ ಬರುತ್ತಾರೋ ಇಲ್ಲವೋ ಎಂಬ ಚಿಂತೆ ಕರ್ನಾಟಕಕ್ಕೆ ಹೊಸದಲ್ಲ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಕಂಪನಿ ಶುರು ಮಾಡಿ ಹಳ್ಳಿಯ ಮನೆಗಳಿಗೆ ಸೋಲಾರ್ ದೀಪ ಕೊಡಲು ಹೊರಟಾಗ, ಬಡವರಿಗೆ ಇದು ಎಟುಕುವುದಿಲ್ಲ, ರಿಪೇರಿ ಹಳ್ಳಿಯಲ್ಲಿ ಆಗುವುದಿಲ್ಲ ಎಂಬ ನಂಬಿಕೆಯೇ ಎಲ್ಲೆಡೆ ಇತ್ತು. ಹಂದೆಯವರು ಎರಡು ಕಡೆ ಕೆಲಸ ಮಾಡಿದರು. ಬ್ಯಾಂಕುಗಳನ್ನು ಒಪ್ಪಿಸಿ ಕಂತಿನ ಸಾಲ ಕೊಡಿಸಿದರು, ಗ್ರಾಹಕರಿಗೆ ಹತ್ತಿರದ ಊರುಗಳಲ್ಲಿ ಸೇವಾ ಕೇಂದ್ರ ತೆರೆದು ಅಲ್ಲಿನ ಹುಡುಗರನ್ನೇ ತಂತ್ರಜ್ಞರನ್ನಾಗಿ ತಯಾರು ಮಾಡಿದರು. ಈ ದೀಪಗಳಿಗೆ ಸಾಲ ಕೊಟ್ಟ ಮೊದಲಿಗರಲ್ಲಿ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕೂ ಒಂದು. ಮುಂದೆ 2005ರಲ್ಲಿ ಅದೂ ನಮ್ಮ ಬಿಜಾಪುರ ಗ್ರಾಮೀಣ ಬ್ಯಾಂಕೂ ಒಂದಾಗಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನೊಳಗೆ ಸೇರಿದವು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಡುವೆ 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ದಕ್ಷಿಣ ಭಾರತದಲ್ಲಿ ಸೋಲಾರ್ ದೀಪದ ಸಾಲ ಯೋಜನೆ ನಡೆಸಿದವು. ಕೆಲವೇ ವರ್ಷಗಳಲ್ಲಿ ಇಪ್ಪತ್ತು ಸಾವಿರದ ಹತ್ತಿರ ಮನೆಗಳಿಗೆ ದೀಪ ಬಂದವು. ಸಾಲ ಸಿಗುತ್ತಿದ್ದುದು ಪರೀಕ್ಷಿಸಿ ಒಪ್ಪಿದ ಕಂಪನಿಗಳ ಸಾಮಾನಿಗೆ ಮಾತ್ರ. ದೀಪ ಉರಿಯದಿದ್ದರೆ ಹಳ್ಳಿಯವ ಕಂತು ಕಟ್ಟುವುದಿಲ್ಲ, ಆಗ ಬ್ಯಾಂಕಿಗೂ ಮಾರಿದವನಿಗೂ ಬಿಸಿ ತಾಗುತ್ತದೆ. ಹಾಗಾಗಿ ರಿಪೇರಿಯ ಹೊಣೆ ಎಲ್ಲರ ಹೊಣೆಯೂ ಆಗಿತ್ತು. ಆ ಕಾಲದ ಈ ಕಟ್ಟುಪಾಡನ್ನು ನಾವು ನಮ್ಮ ಮನೆಯ ಮಟ್ಟಿಗೆ ಮತ್ತೆ ತರಬಹುದು ಎಂದು ನನ್ನ ನಂಬಿಕೆ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲು ಮೋಸದ ದಾರಿಗಳು. ಸೂರ್ಯಘರ್‌ಗೆ ಅರ್ಜಿ ಹಾಕಲು ಶುಲ್ಕವಿಲ್ಲ. ‘ನೋಂದಣಿ ಫೀ’, ‘ಫೈಲ್ ಖರ್ಚು’ ಎಂದು ಕೇಳಿದರೆ ಕೊಡಬೇಡಿ. ಸೋಲಾರ್ ಪಂಪಿನ ಕುಸುಮ್ ಯೋಜನೆಯ ಹೆಸರಿನಲ್ಲಿ ನಕಲಿ ಜಾಲತಾಣ ಮಾಡಿ ರೈತರಿಂದ ರೊಕ್ಕ ಕಟ್ಟಿಸಿಕೊಂಡವರ ಬಗ್ಗೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ. ಅರ್ಜಿ ಹಾಕುವಾಗ ನಿಮ್ಮದೇ ಮೊಬೈಲ್ ನಂಬರು ಕೊಡಿ. ಏಜೆಂಟ ತನ್ನ ನಂಬರು ಹಾಕಿದರೆ ಓಟಿಪಿ ಅವನಿಗೆ ಬರುತ್ತದೆ, ಅರ್ಜಿ ಎಲ್ಲಿಗೆ ಬಂತು ಎನ್ನುವ ಸಂದೇಶವೂ ಅವನಿಗೇ ಬರುತ್ತದೆ. ನಿಮ್ಮ ಕೆಲಸದ ಸುದ್ದಿ ತಿಳಿಯಲು ನೀವೇ ಅವನ ಹಿಂದೆ ಅಲೆಯಬೇಕಾಗುತ್ತದೆ.

ನಮ್ಮದು ಗಡಿ ಸೀಮೆ. ಇಂಡಿಯಿಂದ ಸೊಲ್ಲಾಪುರ ಹತ್ತಿರ, ವ್ಯಾಪಾರಕ್ಕೆ ಹೋಗಿಬರುವುದು ತಲೆಮಾರುಗಳ ರೂಢಿ. ಅಲ್ಲಿಯ ಅಂಗಡಿಯವರು ಸ್ವಲ್ಪ ಸೋವಿ ದರ ಹೇಳಬಹುದು, ಒಳ್ಳೆಯ ಕೆಲಸದವರೂ ಆಗಿರಬಹುದು. ಆದರೆ ಸೂರ್ಯಘರ್ ಸಹಾಯಧನ ಬೇಕಾದರೆ ಕೆಲಸ ಮಾಡುವ ವೆಂಡರ್ ಆ ಯೋಜನೆಯಲ್ಲಿ ನಮ್ಮ ಭಾಗಕ್ಕೆ ನೋಂದಣಿಯಾಗಿರಲೇಬೇಕು. ಹೆಸ್ಕಾಂ ವ್ಯಾಪ್ತಿಯ ಪಟ್ಟಿಯಲ್ಲಿ ಅವನ ಹೆಸರಿದೆಯೇ ಎಂದು ಯೋಜನೆಯ ಪೋರ್ಟಲ್ಲಿನಲ್ಲಿ ನೀವೇ ನೋಡಿ, ಇಲ್ಲವೇ ಕಾಲೇಜಿಗೆ ಹೋಗುವ ಮಗಳಿಗೆ ನೋಡಲು ಹೇಳಿ. ‘ನಮ್ಮ ದೋಸ್ತರ ಲೈಸನ್ಸ್ ಮ್ಯಾಲ ಮಾಡ್ತೀವ್ರಿ’ ಎನ್ನುವವರಿದ್ದಾರೆ. ಆಗ ಕಾಗದದ ಮೇಲೆ ಹೊಣೆ ಆ ದೋಸ್ತನದು, ಮಾಳಗಿ ಮೇಲೆ ಕೆಲಸ ಇವನದು, ಕೆಟ್ಟ ಮೇಲೆ ಇಬ್ಬರೂ ಸಿಗುವುದಿಲ್ಲ.

ಪ್ಯಾನಲ್ಲಿನಲ್ಲೂ ಒಂದು ಸೂಕ್ಷ್ಮವಿದೆ. ಸಹಾಯಧನ ಸಿಗುವುದು ಸೆಲ್ಲೂ ಪ್ಯಾನಲ್ಲೂ ಎರಡೂ ಭಾರತದಲ್ಲೇ ತಯಾರಾದ, ಡಿಸಿಆರ್ ಎಂದು ಕರೆಯುವ ಮಾಲಿಗೆ ಮಾತ್ರ. ಹೊರದೇಶದ ಸೆಲ್ ತಂದು ಇಲ್ಲಿ ಜೋಡಿಸಿದ ಪ್ಯಾನಲ್ ಸೋವಿ, ಆದರೆ ಅದಕ್ಕೆ ಸಹಾಯಧನವಿಲ್ಲ. ದರಪಟ್ಟಿಯಲ್ಲಿ ಡಿಸಿಆರ್ ಎಂದು ಬರೆದು ಮಾಳಗಿಗೆ ಬೇರೆ ಮಾಲು ಏರಿಸಿದರೆ ನಷ್ಟ ನಿಮ್ಮದು. ಅದಕ್ಕೇ ಪ್ಯಾನಲ್ ಮೇಲೇರುವ ಮುನ್ನ ಪ್ರತಿಯೊಂದರ ಹಿಂಬದಿಯ ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ, ಡಿಸಿಆರ್ ಪ್ರಮಾಣಪತ್ರದಲ್ಲಿ ಅವೇ ನಂಬರುಗಳಿವೆಯೇ ಎಂದು ತಾಳೆ ನೋಡಿ. ಒಮ್ಮೆ ಚೌಕಟ್ಟಿಗೆ ಬಿಗಿದ ಮೇಲೆ ಹಿಂಬದಿ ನೋಡುವುದು ಕಷ್ಟ.

ಇನ್ನು ಮಾಳಗಿಯ ವಿಷಯ. ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ ಇರುವುದು ಇಲ್ಲಿ. ಬೆಂಗಳೂರಿನ ಸ್ಲ್ಯಾಬಿಗೆ ಬರೆದ ನಕ್ಷೆಯನ್ನು ಹಾಗೇ ತಂದು ಭೀಮಾ ದಂಡೆಯ ಮನೆಗೆ ಹಚ್ಚುವುದಕ್ಕೆ ಬರುವುದಿಲ್ಲ. ನಮ್ಮಲ್ಲಿ ಇನ್ನೂ ಮಣ್ಣಿನ ಮೇಲ್ಮುದ್ದಿ ಮನೆಗಳಿವೆ, ಪತ್ರಾಸಿನ ಮನೆಗಳಿವೆ. ಒಂದು ಕಿಲೋವ್ಯಾಟಿಗೆ ನೂರು ಚದರ ಅಡಿಯಷ್ಟು ಜಾಗ ಬೇಕು. ಮೂರು ಕಿಲೋವ್ಯಾಟಿನ ಪ್ಯಾನಲ್, ಕಬ್ಬಿಣದ ಚೌಕಟ್ಟು, ಅದನ್ನು ಹಿಡಿದಿಡುವ ಕಾಂಕ್ರೀಟ್ ಗಟ್ಟಿ ಸೇರಿದ ಭಾರವನ್ನು ಹಳೆಯ ಕಟ್ಟಿಗೆ ತೊಲೆಯ ಮಣ್ಣಿನ ಮಾಳಗಿ ಹೊರಲಾರದು. ಕೆಳಗೆ ನಿಂತೇ ‘ಆಗ್ತೈತ್ರಿ ಗೌಡ್ರ’ ಎನ್ನುವವನಿಗೆ ಕೆಲಸ ಕೊಡಬೇಡಿ. ಮೇಲೆ ಹತ್ತಿ, ಟೇಪು ಹಿಡಿದು ಅಳೆದು, ಸಿಂಟೆಕ್ಸ್ ಟಾಕಿಯ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ, ಪಕ್ಕದವರು ಮುಂದಿನ ವರ್ಷ ಇನ್ನೊಂದು ಅಂತಸ್ತು ಏರಿಸುತ್ತಾರೇನು ಎಂದು ಕೇಳುವವನಿಗೆ ಕೊಡಿ. ಒಂದು ಪ್ಯಾನಲ್ಲಿನ ಮೇಲೆ ನೆರಳು ಬಿದ್ದರೆ ಅದರ ಜತೆ ಸಾಲಾಗಿ ಜೋಡಿಸಿದ ಉಳಿದವುಗಳ ಉತ್ಪಾದನೆಯೂ ಕುಗ್ಗುತ್ತದೆ. ನಮ್ಮ ಸೀಮೆ ಹದಿನೇಳು ಡಿಗ್ರಿ ಅಕ್ಷಾಂಶದ ಆಸುಪಾಸಿನದು, ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿ ಹೆಚ್ಚುಕಡಿಮೆ ಅಷ್ಟೇ ವಾಲಿರಬೇಕು. ಮಳೆಗಾಲಕ್ಕೆ ಮುಂಚೆ, ಕೃತ್ತಿಕಾ ರೋಹಿಣಿ ಹೊತ್ತಿಗೆ, ಬಯಲಲ್ಲಿ ಬೀಸುವ ಬಿರುಗಾಳಿ ಎಂಥದೆಂದು ನಿಮಗೆ ಗೊತ್ತು. ಗಾಳಿ ಪ್ಯಾನಲ್ಲಿನ ಅಡಿಯಿಂದ ನುಗ್ಗಿ ಮೇಲಕ್ಕೆತ್ತುತ್ತದೆ. ಚೌಕಟ್ಟಿನ ಕಬ್ಬಿಣಕ್ಕೆ ಕಾದ ಸತುವಿನಲ್ಲಿ ಅದ್ದಿದ ಗ್ಯಾಲ್ವನೈಜ್ ಲೇಪ ಇರಬೇಕು. ಬರೀ ಬೆಳ್ಳಿ ಬಣ್ಣ ಬಳಿದದ್ದು ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

ನದಿ ದಂಡೆಯ ಊರವರಿಗೆ ಇನ್ನೊಂದು ಮಾತು. 2020ರ ಅಕ್ಟೋಬರದಲ್ಲಿ ಭೀಮೆಗೆ ಬಂದ ಮಹಾಪೂರವನ್ನು ನಾವು ಯಾರೂ ಮರೆತಿಲ್ಲ. 2025ರ ಸೆಪ್ಟೆಂಬರದಲ್ಲಿ ಹೊಳೆ ಮತ್ತೆ ಏರಿತು. ಇನ್ವರ್ಟರ್, ಸ್ವಿಚ್ ಡಬ್ಬಿಗಳನ್ನು ಪಡಸಾಲೆಯ ಗೋಡೆಗೆ ಕೈಗೆಟುಕುವಂತೆ ಹಾಕುವುದು ಫಿಟ್ಟರ್‌ಗಳಿಗೆ ಸುಲಭ. ಆದರೆ ನೀರು ಹೊಕ್ಕರೆ? ಹೆಸ್ಕಾಂನವರು ಲೈನ್ ಬಂದ್ ಮಾಡಿದರೂ ಹಗಲು ಬೆಳಕಿರುವಷ್ಟು ಹೊತ್ತು ಪ್ಯಾನಲ್ಲಿನಿಂದ ಇನ್ವರ್ಟರಿಗೆ ಇಳಿಯುವ ಡಿಸಿ ವಾಯರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮೊಣಕಾಲು ನೀರಿನಲ್ಲಿ ನಿಂತು ಅದನ್ನು ಮುಟ್ಟಿದರೆ ಜೀವಕ್ಕೇ ಅಪಾಯ. ‘ಹೊಳಿ ನೀರು ನಿಮ್ಮನ್ಯಾಗ ಎಲ್ಲೀತನಕ ಬಂದಿತ್ತವ್ವಾ?’ ಎಂದು ಕೇಳಿ, ಗೋಡೆಯ ಮೇಲಿನ ಆ ಗುರುತಿಗಿಂತ ಎತ್ತರದಲ್ಲಿ ಡಬ್ಬಿ ಕೂರಿಸುವವನು ಸಿಕ್ಕರೆ ನಾಲ್ಕು ಸಾವಿರ ಹೆಚ್ಚು ಕೇಳಿದರೂ ಅವನಿಗೇ ಕೆಲಸ ಕೊಡಿ.

ಉತ್ಪಾದನೆಯ ಮಾತಿನಲ್ಲೂ ಪ್ರಾಮಾಣಿಕತೆ ಬೇಗ ಗೊತ್ತಾಗುತ್ತದೆ. ಒಂದು ಕಿಲೋವ್ಯಾಟಿಗೆ ವರ್ಷದ ಸರಾಸರಿ ದಿನಕ್ಕೆ ನಾಲ್ಕು ಯುನಿಟ್ ಎಂದು ಹಿಡಿಯುವುದು ಸರಿ. ಆರು ಬರುತ್ತದೆ ಎನ್ನುವವನು ಉತ್ಪ್ರೇಕ್ಷೆ ಮಾಡುತ್ತಿದ್ದಾನೆ. ವಿಜಯಪುರದ ಬಿಸಿಲು ಕಡು ಬಿಸಿಲು, ಇಲ್ಲಿ ಹೆಚ್ಚು ಬರುತ್ತದೆ ಎಂಬ ಸಮಜಾಯಿಷಿಯನ್ನು ನಂಬಬೇಡಿ. ಪ್ಯಾನಲ್ಲಿಗೆ ಬೇಕಾದದ್ದು ಬೆಳಕು. ಕಾವು ಏರಿದಷ್ಟೂ ಅದರ ಶಕ್ತಿ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನಲ್ ಅರವತ್ತು ಡಿಗ್ರಿ ದಾಟಿ ಕಾದಾಗ ಉತ್ಪಾದನೆ ನೂರಕ್ಕೆ ಹತ್ತು ಹದಿನೈದರಷ್ಟು ಕಡಿಮೆಯಾಗುತ್ತದೆ. ಅದಕ್ಕೇ ಗಾಳಿಯಾಡುವಷ್ಟು ಎತ್ತರದಲ್ಲಿ ಕೂರಿಸಬೇಕು. ಮೇಲೆ ಎರೆಮಣ್ಣಿನ ಧೂಳು, ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳ ಬೂದಿ, ಹೊಲದಲ್ಲಿ ರವದಿ ಸುಟ್ಟ ಮಸಿ. ತೊಳೆಯಲು ದಾರಿ ಬಿಟ್ಟಿದ್ದಾರೆಯೇ, ನೀರಿನ ನಳ ಮೇಲೆ ಇದೆಯೇ ನೋಡಿ. ಬೋರಿನ ಸವಳು ನೀರು ಒಣಗಿದರೆ ಗಾಜಿನ ಮೇಲೆ ಬಿಳಿ ಪದರು ಕೂರುತ್ತದೆ. ಮುಂಜಾನೆ ತಂಪು ಹೊತ್ತಿನಲ್ಲಿ ಮೆತ್ತನೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಇಷ್ಟೆಲ್ಲ ವಿಚಾರಿಸಿದ ಮೇಲೆ ದರಪಟ್ಟಿ ಕೇಳಿ. ಒಬ್ಬನಿಂದಲ್ಲ, ಮೂವರಿಂದ ತರಿಸಿ. ‘ಮೂರು ಕಿಲೋವ್ಯಾಟ್ ಸೋಲಾರ್, ಒಟ್ಟು ಇಷ್ಟು’ ಎಂದು ಒಂದೇ ಸಾಲಿನಲ್ಲಿ ಬರೆದ ಚೀಟಿ ದರಪಟ್ಟಿಯಲ್ಲ. ಪ್ಯಾನಲ್ಲಿನ ಕಂಪನಿ, ಮಾದರಿ, ವ್ಯಾಟ್, ಎಷ್ಟು ನಗ, ಇನ್ವರ್ಟರಿನ ಮಾದರಿ ಮತ್ತು ವಾರಂಟಿ, ಚೌಕಟ್ಟಿನ ಎತ್ತರ, ವಾಯರಿನ ಅಳತೆ, ಡಿಸಿಗೆ, ಎಸಿಗೆ, ಸಿಡಿಲು ತಡೆಗೆ ಬೇರೆ ಬೇರೆ ಅರ್ಥಿಂಗ್, ಇವೆಲ್ಲ ಬರಹದಲ್ಲಿರಬೇಕು. ಅರ್ಥಿಂಗ್ ನೆಲದೊಳಗೆ ಹೋಗುವ ಕೆಲಸ, ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಸೋವಿ ದರ ಹೇಳಿದವನು ಮೊದಲು ಕೈ ಬಿಗಿ ಹಿಡಿಯುವುದು ಅಲ್ಲೇ. ಗುಂಡಿ ತೋಡುವಾಗ ಎದುರಿಗೆ ನಿಂತು ನೋಡಿ. ಸೋಲಾರ್ ಸಾಮಾನಿನ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿಸಿದ್ದಾರೆ, ಹಳೆಯ ಲೆಕ್ಕ ಹಚ್ಚಿದ್ದಾರೇನು ಕೇಳಿ. ಬಿಲ್ಲಿಲ್ಲದೆ ಕೊಟ್ಟರೆ ಇನ್ನೂ ಕಡಿಮೆ ಎಂದರೆ ಒಪ್ಪಬೇಡಿ. ಬಿಲ್ಲಿಲ್ಲದಿದ್ದರೆ ವಾರಂಟಿ ಕೇಳಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸೂರ್ಯಘರ್‌ನಲ್ಲಿ ಐದು ವರ್ಷದ ನಿರ್ವಹಣೆ ವೆಂಡರನ ಹೊಣೆ, ಅದಕ್ಕೆ ಬೇರೆ ರೊಕ್ಕ ಕೇಳುವ ಹಾಗಿಲ್ಲ. ಒಪ್ಪಂದ ಪತ್ರದಲ್ಲಿ ಅದನ್ನೂ ಓದಿಸಿಕೊಳ್ಳಿ.

ಒಳ್ಳೆಯ ಫಿಟ್ಟರ್ ಇನ್ನೊಂದು ಕಾಗದವನ್ನೂ ಮೊದಲೇ ಕೇಳುತ್ತಾನೆ. ಮೀಟರಿನ ಆರ್‌ಆರ್ ನಂಬರು ಯಾರ ಹೆಸರಿನಲ್ಲಿದೆ? ನಮ್ಮಲ್ಲಿ ತೀರಿಹೋದ ಅಪ್ಪನ, ಅಜ್ಜನ ಹೆಸರಿನಲ್ಲೇ ಮೀಟರುಗಳು ಓಡುತ್ತಿವೆ. ಅರ್ಜಿಯ ಹೆಸರು, ಮೀಟರಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಕೂಡದಿದ್ದರೆ ಸಹಾಯಧನ ಸಿಕ್ಕಿಕೊಳ್ಳುತ್ತದೆ. ಹೆಸರು ಬದಲಾವಣೆ ಮೊದಲು, ಪ್ಯಾನಲ್ ಆಮೇಲೆ.

ಈಗ ಹಳೆಯ ಬ್ಯಾಂಕುಗಳ ಕಟ್ಟುಪಾಡಿನ ಮಾತು. ರೊಕ್ಕವನ್ನು ಕೆಲಸದ ಹಂತಕ್ಕೆ ಕಟ್ಟಿ. ಒಪ್ಪಂದಕ್ಕೆ ಸ್ವಲ್ಪ, ಸಾಮಾನು ಮನೆಗೆ ಬಂದು ನೀವು ನಂಬರು ತಾಳೆ ನೋಡಿದ ಮೇಲೆ ದೊಡ್ಡ ಪಾಲು, ಜೋಡಣೆ ಮುಗಿದ ಮೇಲೆ ಇನ್ನಷ್ಟು. ಕೊನೆಯ ಹತ್ತನೆಯ ಪಾಲು ನೆಟ್ ಮೀಟರ್ ತಿರುಗಿ ಹೆಸ್ಕಾಂ ಪ್ರಮಾಣಪತ್ರ ಕೈಗೆ ಬರುವತನಕ ನಿಮ್ಮಲ್ಲೇ ಇರಲಿ. ಪ್ಯಾನಲ್ ಕೂರಿಸಿ ಪೂರ್ತಿ ರೊಕ್ಕ ಒಯ್ದವನಿಗೆ ಹೆಸ್ಕಾಂ ಕಚೇರಿಗೆ ಓಡಾಡುವ ಆತುರ ಇರುವುದಿಲ್ಲ. ಸಾಲ ತೆಗೆಯುವವರು ಇನ್ನೂ ಹುಷಾರಾಗಿರಬೇಕು. ಸೋಲಾರ್ ಸಾಲದ ರೊಕ್ಕ ಸಾಮಾನ್ಯವಾಗಿ ಬ್ಯಾಂಕಿನಿಂದ ನೇರ ವೆಂಡರನ ಖಾತೆಗೆ ಹೋಗುತ್ತದೆ, ಕಂತು ಮಾತ್ರ ನಿಮ್ಮ ಹೆಸರಿನಲ್ಲಿ ಶುರುವಾಗುತ್ತದೆ. ಕೆಲಸದ ಹಂತ ನೋಡಿ ಬಿಡುಗಡೆ ಮಾಡಿರೆಂದು ಬ್ಯಾಂಕ್ ಮ್ಯಾನೇಜರಿಗೆ ಅರ್ಜಿ ಬರೆದು ಕೊಡಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ.

ಸಹಿ ಹಾಕುವ ಮುನ್ನ ಒಂದು ದಿನ ಖರ್ಚು ಮಾಡಿ, ಅವನು ಹಿಂದೆ ಕೆಲಸ ಮಾಡಿದ ಮನೆಗಳಿಗೆ ಹೋಗಿ ಬನ್ನಿ. ಅವನು ತೋರಿಸುವ ಹೊಸ ಮನೆ ಬೇಡ, ಎರಡು ಮೂರು ವರ್ಷ ಹಿಂದೆ ಹಾಕಿದ್ದು ಬೇಕು. ಅಲ್ಲಿಯ ಅಕ್ಕನವರನ್ನು ಕೇಳಿ: ಯಾವಾಗ ಕೆಟ್ಟಿತ್ತು, ಫೋನು ಮಾಡಿದ ಮೇಲೆ ಎಷ್ಟು ದಿನಕ್ಕೆ ಬಂದ, ಬಂದವನು ಯಾರು? ರಿಪೇರಿ ಮಾಡುವ ಹುಡುಗ ಸಿಂದಗಿಯಲ್ಲೋ ಆಲಮೇಲದಲ್ಲೋ ಇದ್ದಾನೆಯೇ, ಪುಣೆಯಿಂದ ಬರಬೇಕೇ? ಮೂರರಲ್ಲೊಂದು ಮನೆಯ ಮೇಲೆ ಸೋಲಾರ್ ಇರುವ ಆಸ್ಟ್ರೇಲಿಯದಲ್ಲೂ ಅಗ್ಗದ ಕಂಪನಿಗಳು ಬಾಗಿಲು ಹಾಕಿ, ಹೊಸ ಹೆಸರಿನಲ್ಲಿ ಮತ್ತೆ ತೆರೆದು, ಹಳೆಯ ಗ್ರಾಹಕರ ವಾರಂಟಿಯನ್ನು ಕೈಬಿಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಅಲ್ಲಿಯೇ ಹಾಗಾದರೆ ನಾವು ಇನ್ನೂ ಹುಷಾರಾಗಿರಬೇಕು.

ಕೆಲಸ ಮುಗಿದ ದಿನ, ಹಗಲು ಮನೆಯಲ್ಲಿರುವವರು ಫಿಟ್ಟರನ ಎದುರಿಗೆ ನಿಲ್ಲಲಿ. ಬಹಳ ಮನೆಗಳಲ್ಲಿ ಅದು ಹೆಣ್ಣುಮಕ್ಕಳೇ. ಬಂದ್ ಮಾಡುವಾಗ ಮೊದಲು ಎಸಿ ಸ್ವಿಚ್, ಆಮೇಲೆ ಡಿಸಿ ಸ್ವಿಚ್. ಇದನ್ನು ಅವರ ಕೈಯಿಂದಲೇ ಒಮ್ಮೆ ಮಾಡಿಸಬೇಕು. ಯಾವ ಕೆಂಪು ದೀಪ ಬಂದರೆ ಫೋನು ಮಾಡಬೇಕು ಎಂದು ಕನ್ನಡದಲ್ಲಿ ಬರೆದು ಡಬ್ಬಿಯ ಪಕ್ಕ ಅಂಟಿಸಬೇಕು.

ಈಗಾಗಲೇ ಮೋಸ ಹೋದವರು ನಾಚಿಕೊಂಡು ಸುಮ್ಮನೆ ಕೂರಬೇಡಿ. ಆನ್‌ಲೈನ್ ರೊಕ್ಕ ಹೋಗಿದ್ದರೆ ತಕ್ಷಣ 1930ಕ್ಕೆ ಫೋನು ಮಾಡಿ, ತಡವಾದಷ್ಟೂ ತಿರುಗಿ ಸಿಗುವುದು ಕಷ್ಟ. ಮೀಟರ್, ಲೈನಿನ ದೂರು 1912ಕ್ಕೆ. ವೆಂಡರ್ ಬರುತ್ತಿಲ್ಲ, ವಾರಂಟಿ ಕೊಡುತ್ತಿಲ್ಲ ಎಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಬಗೆಹರಿಯದಿದ್ದರೆ ವಿಜಯಪುರದ ಜಿಲ್ಲಾ ಗ್ರಾಹಕರ ಆಯೋಗವಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ದೂರು ಕೊಡಬಹುದು. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಹೋಗುವಾಗ ಬಿಲ್ಲು, ಒಪ್ಪಂದ ಪತ್ರ, ಸೀರಿಯಲ್ ನಂಬರಿನ ಫೋಟೋಗಳು, ವೆಂಡರನಿಗೆ ಕಳಿಸಿದ ವಾಟ್ಸ್ಆ್ಯಪ್ ಸಂದೇಶಗಳ ಪ್ರತಿ, ಇಷ್ಟನ್ನು ಒಯ್ಯಿರಿ.